ಮೇಕೆಯ ಹೆಸರು ಜುಲಾನ್

ಕಾಸಿಯಾನ್ ಪ್ಲೋನರನಿಗೆ ತಾನು ಲಡೀನ್ ಜನಕ್ಕೆ ಸೇರಿದವನೆಂಬುದು ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಅಂಚೆಯ ಮೂಲಕ. ಅಲ್ಲಿಯವರೆಗೆ ಅವನು ತಾನು ಹುಟ್ಟಾ ಜರ್ಮನ್ ಮಾತಿನವನೆಂದು ನಂಬಿಕೊಂಡು ನೆಮ್ಮದಿಯಾಗಿದ್ದ. ಹೆಂಡತಿ ಹಾಗೆಂದು ನಂಬಿದ್ದಳು, ಅತ್ತೆ ನಂಬಿದ್ದಳು, ಹೆತ್ತ ತಾಯಿಯೂ ನಂಬಿರಬೇಕೆಂದು ಊರು ನಂಬಿತ್ತು.

ಕಾಗದ ತಂದವಳು ಅಂಚೆಯ ನೀವೆಸ್. ಡೋರ್ನಾಖ್ ಊರಿಗೆಲ್ಲ ಲಡೀನ್ ಮಾತಿನವಳೆಂದರೆ ಅವಳೊಬ್ಬಳೇ. ಬೆಟ್ಟದಾಚೆಯ ಲಡೀನರ ಸೀಮೆ ಬಾದಿಯಾ ಕಣಿವೆಯಿಂದ ವರ್ಗವಾಗಿ ಬಂದವಳು. ಕಾಸಿಯಾನ್ ಲಕೋಟೆ ಒಡೆದು ಕಾಗದವನ್ನು ಮೊದಲು ಕೈಚಾಚಿ ಹಿಡಿದ. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿಸಿ ತಾನೇ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಕಣ್ಣುಜ್ಜಿಕೊಂಡ.

"ಯಾಕೋ ಕಣ್ಣಿಗೆ ಕಸ ಬಿದ್ದಿದೆ ನೀವೆಸ್, ನೀನೇ ಓದಿಬಿಡು."

"ನಿನ್ನ ಕಣ್ಣಿಗೆ ಹನ್ನೊಂದು ವರ್ಷದಿಂದ ಕಸ ಬೀಳ್ತಾನೇ ಇದೆ," ಅಂದಳು ನೀವೆಸ್. ಆದರೂ ಓದಿದಳು. ಓದುತ್ತ ಓದುತ್ತ ಅವಳ ದನಿ ಮೇಲಕ್ಕೇರಿತು. ಡೋರ್ನಾಖ್‌ನಲ್ಲಿ ಹೊಸದಾಗಿ ತೆರೆಯಲಿರುವ ಪರಂಪರೆಯ ಮನೆಗೆ ಸ್ವಾಗತಕಾರನ ಹುದ್ದೆ ಲಡೀನ್ ಭಾಷಿಕರಿಗೆ ಮೀಸಲು. ಅರ್ಜಿದಾರರ ಮೊಹರು ಮಾಡಿದ ಭಾಷಾ ಘೋಷಣೆಗಳನ್ನು ತೆರೆಯಲಾಗಿ ಕಾಸಿಯಾನ್ ಪ್ಲೋನರ್ ಒಬ್ಬನೇ ಲಡೀನ್ ಎಂದು ಕಂಡುಬಂದಿದೆ. ಆದಕಾರಣ ಹುದ್ದೆ ಅವನದೇ. ಉದ್ಘಾಟನೆಯ ದಿನ ಅವನು ಪರೀಕ್ಷಕರ ಸಮಕ್ಷಮದಲ್ಲಿ 'ನಮ್ಮ ಪ್ರಾಂತ್ಯ ಮತ್ತು ಅದರ ಪರಂಪರೆ: ಒಂದು ಪರಿಚಯ' ಎಂಬುದನ್ನು ಜರ್ಮನ್, ಇಟಾಲಿಯನ್, ಲಡೀನ್ ಮೂರೂ ಭಾಷೆಗಳಲ್ಲಿ ನುಡಿಯತಕ್ಕದ್ದು.

"ಅಯ್ಯೋ ಕಳ್ಳ!" ಎಂದು ನೀವೆಸ್ ಅವನ ಭುಜಕ್ಕೊಂದು ಕೊಟ್ಟಳು. "ನೀನು ನಮ್ಮೋನಾ? ಹನ್ನೊಂದು ವರ್ಷ ಈ ಊರಲ್ಲಿ ನಾನು ಬಾಯಿಗೆ ಬೀಗ ಹಾಕ್ಕೊಂಡು ತಿರುಗ್ತಿದ್ದೀನಿ. ಒಂದು ದಿನ ಒಂದು ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಆಮೇಲೆ ಅವನ ಕೈ ಹಿಡಿದು ಲಡೀನ್‌ನಲ್ಲಿ ಏನೇನೋ ಗಳಗಳನೆ ಹೇಳಿದಳು. ಕಾಸಿಯಾನ್ ಗಂಭೀರವಾಗಿ ತಲೆಯಾಡಿಸಿದ. ಒಂದಕ್ಷರ ತಿಳಿದಿದ್ದರೆ ಕೇಳಿ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು. ಇಟಲಿಯ ಉತ್ತರ ಗಡಿಯ ನಮ್ಮ ಈ ಬೆಟ್ಟದ ಪ್ರಾಂತ್ಯದಲ್ಲಿ ಹದಿನೆಂಟು ತುಂಬಿದವರೆಲ್ಲ ಒಂದು ನಮೂನೆ ಹಿಡಿದು, ನಾನು ಜರ್ಮನ್, ನಾನು ಇಟಾಲಿಯನ್, ಅಥವಾ ನಾನು ಲಡೀನ್ ಎಂದು ಗುರುತು ಹಾಕಿ, ಲಕೋಟೆಗೆ ಮೊಹರು ಮಾಡಿಸಿ ನ್ಯಾಯಾಲಯದಲ್ಲಿ ಇಟ್ಟು ಬರಬೇಕು. ಸರಕಾರಿ ಕೆಲಸ ಕೇಳಿದ ದಿನ ಅದನ್ನು ಒಡೆಯುತ್ತಾರೆ. ಯಾವ ಮಾತಿನವರಿಗೆ ಎಷ್ಟು ಕುರ್ಚಿ ಎಂಬುದು ಮೊದಲೇ ನಿಗದಿ. ಕೇಳದಿದ್ದರೆ ಲಕೋಟೆ ಹಾಗೇ ಮಲಗಿರುತ್ತದೆ.

ಕಾಸಿಯಾನ್ ನಮೂನೆ ತುಂಬಿದ ದಿನ ಅವನ ಜೇಬಿನಲ್ಲಿ ಕನ್ನಡಕವಿತ್ತು. ಹತ್ತಿರದ ಅಕ್ಷರ ಅವನಿಗೆ ಚಿಕ್ಕಂದಿನಿಂದಲೂ ಕಾಣದು. ಆದರೆ ನ್ಯಾಯಾಲಯದ ಸಾಲಿನಲ್ಲಿ, ಅವನ ಮುಂದೆಯೇ, ಕೆಂಪು ಜಡೆಯ ಒಬ್ಬ ಹುಡುಗಿ ನಿಂತಿದ್ದಳು. ಅವಳು ಹಿಂದಿರುಗಿ ನೋಡಿ ನಕ್ಕಳು. ಹುಡುಗಿ ನಕ್ಕಾಗ ಕನ್ನಡಕ ಹಾಕಿಕೊಳ್ಳುವ ಗಂಡಸು ಭೂಮಿಯ ಮೇಲೆ ಇದ್ದಾನೆಯೇ? ಕಾಸಿಯಾನ್ ಕನ್ನಡಕವನ್ನು ಜೇಬಿನಲ್ಲೇ ಬಿಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಮೂರು ಚೌಕ. ಮೂರನೆಯದರ ಮುಂದೆ ಮಂಜು ಮಂಜಾಗಿ 'ಲಾ' ಅಂತಲೋ 'ಲ' ಅಂತಲೋ ಏನೋ. ಜರ್ಮನ್‌ನಲ್ಲಿ ಅಂಗಡಿಗೆ 'ಲಾಡನ್' ಎನ್ನುತ್ತಾರೆ. ಪ್ಲೋನರ್ ಮನೆತನಕ್ಕೆ ಊರಿನಲ್ಲಿ ಹಗ್ಗ, ಮೊಳೆ, ಹಸುವಿನ ಗಂಟೆ ಮಾರುವ ಅಂಗಡಿಯಿತ್ತು. ಓಹೋ, ಕಸುಬು ಕೇಳುತ್ತಿದ್ದಾರೆ, ಅಂಗಡಿಯವನು ಎಂದರಾಯಿತು ಎಂದುಕೊಂಡು ಕಾಸಿಯಾನ್ 'ಲಡೀನ್' ಮುಂದೆ ದಪ್ಪಗೆ ಗುರುತು ಹಾಕಿದ. ಹುಡುಗಿಯ ಹೆಸರು ನೋಟ್‌ಬುರ್ಗಾ. ಎರಡು ವರ್ಷಕ್ಕೆ ಮದುವೆಯಾಯಿತು. ಅಂದಿನಿಂದ ಕಾಸಿಯಾನ್ ಓದುವುದೇನಿದ್ದರೂ ಶೌಚಾಲಯದಲ್ಲಿ, ಚಿಲಕ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು. ಗಂಡನಿಗೆ ಹದ್ದಿನ ಕಣ್ಣು, ಹೊಟ್ಟೆ ಮಾತ್ರ ಸರಿಯಿಲ್ಲ ಎಂದು ಬುರ್ಗಾ ಊರಿಗೆಲ್ಲ ಹೇಳಿಕೊಂಡು ಬಂದಳು.

ಈಗ ಅಂಗಡಿ ಮುಚ್ಚಿ ಎರಡು ವರ್ಷ. ಕೆಳಗಿನ ಪಟ್ಟಣದಲ್ಲಿ ದೊಡ್ಡ ಮಳಿಗೆ ಬಂದಮೇಲೆ ಹಸುವಿನ ಗಂಟೆ ಯಾರಿಗೆ ಬೇಕು? ಕಾಸಿಯಾನ್ ನೀಲಿ ಏಪ್ರನ್ ಕಟ್ಟಿಕೊಂಡು ಮನೆ ಸುತ್ತ ತಿರುಗುತ್ತಿದ್ದ, ಸರಿಯಿದ್ದ ಬೇಲಿಯನ್ನು ಕಿತ್ತು ಮತ್ತೆ ಹಾಕುತ್ತಿದ್ದ, ಹೆಂಡತಿ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದ. ಒಂದು ಕಡೆ ಕೂತವನಲ್ಲ. "ಇನ್ನೊಂದು ತಿಂಗಳು ನೀನು ಹೀಗೇ ಮನೇಲಿದ್ರೆ ನಾನು ಕನ್ಯಾಮಠಕ್ಕೆ ಸೇರ್ಕೋತೀನಿ," ಎಂದು ಬುರ್ಗಾ ಎಚ್ಚರಿಸಿದ್ದಳು. ಹುದ್ದೆ ಯಾರಿಗೆ ಮೀಸಲೆಂದು ನೋಡದೆಯೇ ಅರ್ಜಿ ಬರೆಸಿದವಳೂ ಅವಳೇ. ಹೀಗಿರುವಾಗ ಕೆಲಸ ಸಿಕ್ಕಿದ ಸುದ್ದಿಗೆ ಅವಳು ಸೇಬು ತುಂಬಿದ ಸ್ಟ್ರೂಡೆಲ್ ಕಡುಬು ಮಾಡಿದಳು. ಕಾಗದದ ಉಳಿದ ಭಾಗವನ್ನು ಸ್ಟ್ರೂಡೆಲ್ ಒಲೆಯಲ್ಲಿದ್ದಾಗ ಓದಿದಳು.

"ಲಡೀನ್? ಯಾರು ಲಡೀನ್?"

"ನಾನೇ ಇರಬೇಕು," ಎಂದ ಕಾಸಿಯಾನ್.

"ಇರಬೇಕು ಅಂದ್ರೆ? ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಗೊತ್ತಿಲ್ಲದ್ದು ನ್ಯಾಯಾಲಯಕ್ಕೆ ಗೊತ್ತಾ?"

ಈಗ ಕನ್ನಡಕದ ವಿಷಯ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ಮುಚ್ಚಿಟ್ಟ ಸಣ್ಣ ಸುಳ್ಳು ಅಷ್ಟೊತ್ತಿಗೆ ಮನೆಯ ಹಿರಿಯ ಸದಸ್ಯನಾಗಿರುತ್ತದೆ. ಅದನ್ನು ಹೊರಗೆ ಹಾಕುವುದು ಸುಲಭವಲ್ಲ. ಕಾಸಿಯಾನ್ ಗಂಟಲು ಸರಿಮಾಡಿಕೊಂಡು, "ಅದು ಒಳಗಿನಿಂದ ಅನ್ನಿಸೋ ವಿಷಯ ಬುರ್ಗಾ," ಎಂದ. ಸ್ಟ್ರೂಡೆಲ್ ಸೀದುಹೋಯಿತು.

ಮರುದಿನದಿಂದ ಪಾಠ ಶುರುವಾಯಿತು. ತಾನು ಚಿಕ್ಕಂದಿನಲ್ಲೇ ಭಾಷೆ ಮರೆತವನೆಂದು ಕಾಸಿಯಾನ್ ನೀವೆಸಳಿಗೆ ಹೇಳಿದ. ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ದಿನಕ್ಕೆ ಐದು ನಿಮಿಷ ಕಲಿಸುತ್ತೇನೆಂದಳು. ಆದರೆ ಅವಳಿಗೆ ನಿಲ್ಲಲು ಪುರುಸೊತ್ತಿಲ್ಲ. ಅವಳು ಸೈಕಲ್ಲಿನ ಮೇಲೆ, ಇವನು ಪಕ್ಕದಲ್ಲಿ ಓಡುತ್ತ. ಏರಿನಲ್ಲಿ ನಾಮಪದ, ಇಳಿಜಾರಿನಲ್ಲಿ ಕ್ರಿಯಾಪದ.

"'ನಮಸ್ಕಾರ'ಕ್ಕೆ 'ಬುನ್ ದೇ'. ಹೇಳು."

"ಬುನ್... ಉಸ್ಸ್... ದೇ."

"'ನಿಮ್ಮ ಉಪಕಾರವಾಯ್ತು' ಅನ್ನೋಕೆ 'ಜುಲಾನ್'."

ಕಾಸಿಯಾನ್ ಓಡುತ್ತಿದ್ದವನು ನಿಂತುಬಿಟ್ಟ. "ಜುಲಾನ್ ನಮ್ಮ ಮೇಕೆ ಹೆಸರಲ್ವಾ?"

ನಿಜವೇ. ಪ್ಲೋನರ್ ಮನೆಯಲ್ಲಿ ಕಾಸಿಯಾನನ ತಾಯಿ ಝೆನ್ಸಿ ಮೇಕೆ ಸಾಕುತ್ತಿದ್ದಳು, ಒಂದು ಸತ್ತರೆ ಇನ್ನೊಂದು. ಎಲ್ಲಕ್ಕೂ ಒಂದೇ ಹೆಸರು, ಜುಲಾನ್. ಈಗಿನದು ಏಳನೆಯ ಜುಲಾನ್. ಮುದುಕಿ ಹಾಲು ಕರೆದು ಎದ್ದಾಗಲೆಲ್ಲ ಮೇಕೆಯ ಹಣೆ ತಟ್ಟಿ "ಜುಲಾನ್" ಎನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ಮನೆಯವರು ಅದೇ ಹೆಸರೆಂದು ಕರೆಯುತ್ತಿದ್ದರು, ಮೇಕೆಯೂ ಓಗೊಡುತ್ತಿತ್ತು. ಈ ವಿಷಯದಿಂದ ಬುದ್ಧಿವಂತರು ಏನಾದರೂ ತಿಳಿದುಕೊಳ್ಳಬಹುದಿತ್ತು. ಕಾಸಿಯಾನ್ ತಿಳಿದುಕೊಂಡದ್ದು, ಲಡೀನರು ನಮ್ಮ ಮೇಕೆಯ ಹೆಸರನ್ನು ಕದ್ದಿದ್ದಾರೆ ಎಂದು.

"ಎಂಥಾ ಕಾಕತಾಳೀಯ ನೋಡು!" ಎಂದು ಅವನು ಆ ಸಂಜೆ ಓರ್ನೆಲ್ಲಾಳ ಕಾಫಿ ಅಂಗಡಿಯಲ್ಲಿ ನಕ್ಕುಕೊಂಡು ಹೇಳಿದ. ಓರ್ನೆಲ್ಲಾ ಇಟಾಲಿಯನ್ ಮಾತಿನ ವಿಧವೆ. ಅವಳ ಕಾಫಿ ನೀರು ನೀರು, ಸುದ್ದಿ ಮಾತ್ರ ಗಟ್ಟಿ. ಅವಳು ಲೋಟ ಒರೆಸುವುದನ್ನು ನಿಲ್ಲಿಸಿದಳು.

"ಮಗ ಲಡೀನ್. ಮೇಕೆ ಲಡೀನ್," ಎಂದಳು ನಿಧಾನವಾಗಿ. "ತಾಯಿ ಜರ್ಮನ್, ತೀರಿಹೋದ ತಂದೆ ಜರ್ಮನ್. ದೇವರೇ, ನಾನು ಏನೂ ಹೇಳ್ತಾ ಇಲ್ಲಪ್ಪ. ಲೆಕ್ಕ ಹಾಕ್ತಾ ಇದ್ದೀನಿ ಅಷ್ಟೆ."

ಅವಳು ಹಾಕಿದ ಲೆಕ್ಕ ಮರುದಿನ ಬೆಳಗಾಗುವುದರೊಳಗೆ ಊರಿಗೆಲ್ಲ ಪಾಠವಾಗಿತ್ತು. ಅದನ್ನು ಪೂರ್ತಿಗೊಳಿಸಿ ಮನೆಗೆ ತಂದವಳು ಕಾಸಿಯಾನನ ಅತ್ತೆ ಒಟೀಲಿಯಾ. ಬಾಗಿಲು ದಾಟುವ ಮೊದಲೇ ಅವಳ ಮಾತು ಒಳಗೆ ಬಂದಿತ್ತು.

"ನನಗೆ ಆವತ್ತೇ ಅನುಮಾನ ಇತ್ತು! ಆ ಕಾಲದಲ್ಲಿ ಬಾದಿಯಾ ಕಣಿವೆಯಿಂದ ಒಬ್ಬ ಮರಗೆತ್ತನೆಯವನು ಬರ್ತಿದ್ದ, ಬೆನ್ನ ಮೇಲೆ ಸಂತರ ಬೊಂಬೆ ಹೊತ್ಕೊಂಡು. ಒಂದು ಸಲ ಹಿಮ ಸುರಿದು ದಾರಿ ಕಟ್ಟಿ ಮೂರು ದಿನ ಎಲ್ಲಿದ್ದ? ಪ್ಲೋನರ್ ಮನೇಲಿದ್ದ! ನಿನ್ನ ಮೂಗು ನೋಡ್ಕೋ ಅಳಿಯ. ಅದು ಪ್ಲೋನರ್ ಮೂಗಲ್ಲ. ಅದು ಕೆತ್ತಿದ ಮೂಗು!"

"ಅತ್ತೇರೇ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ!"

"ನಾನಾ? ಸರಕಾರ ಹೇಳ್ತಿದೆ ಕಣಪ್ಪ! ಮೊಹರು ಹಾಕಿದ ಕಾಗದ! ನಿಮ್ಮಮ್ಮನೇ ಸಾಯೋ ಮುಂಚೆ ಹೇಳಿರಬೇಕು ನಿನಗೆ."

"ಅಮ್ಮ ಇನ್ನೂ ಸತ್ತಿಲ್ಲ."

"ಅದೂ ಸರಿಯೇ," ಎಂದಳು ಒಟೀಲಿಯಾ, ಸ್ವಲ್ಪ ನಿರಾಶೆಯಿಂದ.

ಅಂದಿನಿಂದ ಕಾಸಿಯಾನ್ ರಸ್ತೆಗಿಳಿದರೆ ಜನ ಅವನ ಮುಖ ನೋಡುತ್ತಿರಲಿಲ್ಲ, ಮೂಗು ನೋಡುತ್ತಿದ್ದರು. ಇಗರ್ಜಿಯಲ್ಲಿ ಸಂತ ಯೋಸೇಫನ ಮರದ ಬೊಂಬೆಯ ಮುಂದೆ ನಿಂತು ಅದರ ಮೂಗನ್ನೂ ಅವನ ಮೂಗನ್ನೂ ಹೋಲಿಸಿದರು. ಕ್ಷೌರಿಕ ಎಡಗಡೆಯಿಂದ ಹೌದು, ಬಲಗಡೆಯಿಂದ ಅಲ್ಲ ಎಂದು ತೀರ್ಪು ಕೊಟ್ಟ.

ಎಂಬತ್ತೊಂದು ವರ್ಷದ ಝೆನ್ಸಿಗೆ ಈ ಮಾತು ಮುಟ್ಟಿದ್ದು ಶುಕ್ರವಾರದ ಜಪದ ಗುಂಪಿನಲ್ಲಿ. ಅವಳು ಬಂದು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರಂತೆ. ಝೆನ್ಸಿ ಮೊದಲೇ ಮಾತು ಕಡಿಮೆ. ಯಾರು ಏನು ಕೊಟ್ಟರೂ ಬಾಯಿ ಬಿಟ್ಟು ಉಪಕಾರವಾಯಿತು ಎಂದವಳಲ್ಲ. ತಲೆ ಒಂದಿಷ್ಟು ಆಡಿಸಿ ತೆಗೆದುಕೊಳ್ಳುವಳು. ಆ ಬಿಗುಮಾನಕ್ಕೆ ಊರಿನಲ್ಲಿ ಅವಳಿಗೆ 'ಮಹಾರಾಣಿ' ಎಂದೇ ಹೆಸರು. ಅವತ್ತು ಮನೆಗೆ ಬಂದವಳು ಮಗನ ಮುಂದೆ ಬಾರ್ಲಿ ಗಂಜಿಯ ಬಟ್ಟಲು ಇಟ್ಟು, ಚಮಚ ಇಡದೆ ನಿಂತಳು.

"ಆ ಕಾಗದದಲ್ಲಿ ಹಾಗೆ ಬರೆದದ್ದು ಯಾರು?"

"ನಾನೇ ಅಮ್ಮ."

"ಯಾಕೆ ಬರೆದೆ? ನಿನಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಬುರ್ಗಾ ಅಲ್ಲೇ ಒಲೆಯ ಬಳಿ ನಿಂತಿದ್ದಳು. ಕಾಸಿಯಾನನ ಕೈ ಜೇಬಿನ ಕನ್ನಡಕದವರೆಗೆ ಹೋಗಿ ವಾಪಸು ಬಂತು. "ಸುಮ್ಮನೆ ಬರೆದೆ," ಎಂದ. ತಾಯಿ ಅವನ ಮುಖವನ್ನು ಬಹಳ ಹೊತ್ತು ನೋಡಿ, ಚಮಚ ಕೊಡದೆಯೇ ಮೇಕೆಯ ಕೊಟ್ಟಿಗೆಗೆ ಹೋದಳು. ಕಾಸಿಯಾನನಿಗೆ ನಾಚಿಕೆಯಾಯಿತು. ತಾಯಿಗೆ ಈ ವಯಸ್ಸಿನಲ್ಲಿ ಈ ಗತಿ ತಂದದ್ದು ತಾನೇ ಎಂದು ಗಂಜಿ ಆರುವವರೆಗೂ ಕೂತಿದ್ದ.

ಆದರೆ ಕೂತು ಅಭ್ಯಾಸವಿಲ್ಲದವನು. ಸೋಮವಾರ ಬೆಳಿಗ್ಗೆ ಬಸ್ಸು ಹಿಡಿದು ಪಟ್ಟಣದ ಕಚೇರಿಗೆ ಹೋದ. ಅಲ್ಲಿ ಮೇಜಿನ ಹಿಂದೆ ದೊತ್ತೋರೆ ಬಾಲ್ದೆಸ್ಸಾರಿ. ವೈದ್ಯನಲ್ಲ, ನಮ್ಮ ಕಡೆ ಕಚೇರಿಯಲ್ಲಿ ಕುರ್ಚಿಗೆ ಕೈಯಿದ್ದವರೆಲ್ಲ ದೊತ್ತೋರೆಗಳೇ. ಕಾಸಿಯಾನನ ಹೆಸರು ಕೇಳುತ್ತಲೇ ಅವನು ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಸಿಞೋರ್ ಪ್ಲೋನರ್! ನೀವು ನನ್ನ ಪಾಲಿನ ದೇವರು. ಆ ಕಟ್ಟಡ ಯಾವತ್ತೋ ಸಿದ್ಧವಾಗಿದೆ, ಈ ಒಂದು ಹುದ್ದೆ ತುಂಬಲಿಲ್ಲ ಅಂತ ಒಂಬತ್ತು ವರ್ಷದಿಂದ ಬಾಗಿಲು ತೆಗೆಯೋಕಾಗಿಲ್ಲ! ಜರ್ಮನರ ಪಾಲು ಭರ್ತಿ, ಇಟಾಲಿಯನ್ನರ ಪಾಲು ಭರ್ತಿ, ಲಡೀನ್ ಒಬ್ಬ ಬೇಕು, ಒಬ್ಬ! ಎಲ್ಲಿದ್ರಿ ಇಷ್ಟು ದಿನ?"

"ಅದೇ ವಿಷಯ ಮಾತಾಡೋಕೆ ಬಂದೆ ದೊತ್ತೋರೆ. ಅದು ತಪ್ಪಾಗಿದೆ."

ದೊತ್ತೋರೆ ಕೈ ಬಿಟ್ಟ. ಹೋಗಿ ಬಾಗಿಲು ಮುಚ್ಚಿದ. ಕಿಟಕಿಯನ್ನೂ ಮುಚ್ಚಿದ.

"ನೋಡಿ ಸಿಞೋರ್ ಪ್ಲೋನರ್. ನಮ್ಮ ಪ್ರಾಂತ್ಯದಲ್ಲಿ ಹೆಸರು ತಪ್ಪಾದ್ರೆ ತಿದ್ದಬಹುದು. ಜಮೀನಿನ ಗಡಿ ತಪ್ಪಾದ್ರೆ ತಿದ್ದಬಹುದು. ಊರಿಗೆ ಎರಡೆರಡು ಹೆಸರಿದ್ರೂ ನಡೆಯುತ್ತೆ. ಭಾಷೆಯ ಘೋಷಣೆ ತಪ್ಪಾಗೋ ಹಾಗಿಲ್ಲ. ತಪ್ಪಾಗಿದ್ರೆ ಅದು ಸುಳ್ಳು ಘೋಷಣೆ. ಸುಳ್ಳು ಘೋಷಣೆ ಅಂದ್ರೆ ಅಪರಾಧ. ನೀವು ಅಪರಾಧಿನಾ?"

"ಇಲ್ಲಪ್ಪ!"

"ಹಾಗಾದ್ರೆ ಲಡೀನಾ?"

ಕಾಸಿಯಾನ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"...ಲಡೀನೇ ಅನ್ನಿ."

"ಭೇಷ್!" ಎಂದು ದೊತ್ತೋರೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಹೋಗುವಾಗ ಅರ್ಧ ಲಡೀನನಾಗಿದ್ದವನು ಬರುವಾಗ ಪೂರ್ತಿ ಲಡೀನನಾಗಿ ಬಂದ.

ಈಗ ಇಕ್ಕಟ್ಟು ನೋಡಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಕನ್ನಡಕದ ಗುಟ್ಟು ರಟ್ಟಾಗುತ್ತದೆ, ಮೇಲೆ ದಂಡವೋ ಸೆರೆಮನೆಯೋ. ಬಾಯಿ ಮುಚ್ಚಿದರೆ ಹೆತ್ತವಳ ಮಾನ ಹೋಗುತ್ತದೆ. ಉದ್ಘಾಟನೆಗೆ ಆರೇ ದಿನ. ಕಾಸಿಯಾನ್ ಆ ಆರು ದಿನದಲ್ಲಿ ನಿದ್ದೆ ಮಾಡಲಿಲ್ಲ, ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದ, ಬೇಲಿಯನ್ನು ಮೂರು ಸಲ ಕಿತ್ತು ಹಾಕಿದ. ನೀವೆಸಳ ಸೈಕಲ್ಲಿನ ಹಿಂದೆ ಓಡಿ ಓಡಿ ಎರಡು ಪುಟದ ಭಾಷಣ ಬರೆಸಿಕೊಂಡ. ಬರೆಸಿಕೊಂಡದ್ದೆಲ್ಲ ಕಾಗದದ ಮೇಲಿತ್ತು, ತಲೆಯಲ್ಲಿ ಎರಡು ಮಾತು ಮಾತ್ರ ಉಳಿದಿತ್ತು.

"ಉದ್ಘಾಟನೆ ದಿನ ನೀನು ಬರೋದು ಬೇಡ ಅಮ್ಮ," ಎಂದ ಹಿಂದಿನ ಸಂಜೆ. "ಜನ ಏನಾದ್ರೂ ಅಂತಾರೆ."

"ಬರ್ತೀನಿ," ಎಂದಳು ಝೆನ್ಸಿ. ಅಷ್ಟೇ.

ಭಾನುವಾರ ಪೂಜೆ ಮುಗಿಯುತ್ತಲೇ ಊರಿಗೆ ಊರೇ ಪರಂಪರೆಯ ಮನೆಯ ಮುಂದೆ ನೆರೆಯಿತು. ಮನೆಯೆಂದರೆ ಊರಿನ ಹಳೆಯ ಕಣಜವೇ, ಅದನ್ನು ಬಳಿದು ಬೆಳಗಿದ್ದರು. ಬಾಗಿಲಿಗೆ ಅಡ್ಡವಾಗಿ ಪಟ್ಟಿ ಕಟ್ಟಿತ್ತು. ಊರ ವಾದ್ಯದವರು ಊದಿದರು. ದೊತ್ತೋರೆ ಬಾಲ್ದೆಸ್ಸಾರಿ ಹೆಗಲಿಗೆ ರೇಷ್ಮೆ ಪಟ್ಟೆ ಹಾಕಿಕೊಂಡು ಬಂದಿದ್ದ. ಪಕ್ಕದಲ್ಲಿ ಲಡೀನ್ ಪರೀಕ್ಷಕರು, ಬಾದಿಯಾ ಕಣಿವೆಯ ನಿವೃತ್ತ ಮೇಷ್ಟ್ರು, ಬಿಳಿ ಗಡ್ಡದ ಸಣ್ಣ ಮನುಷ್ಯ. ಮೊದಲ ಸಾಲಿನಲ್ಲಿ ಬುರ್ಗಾ, ಒಟೀಲಿಯಾ. ಮೂರನೆಯ ಸಾಲಿನ ಕೊನೆಯಲ್ಲಿ ಝೆನ್ಸಿ ಒಬ್ಬಳೇ, ಅಕ್ಕಪಕ್ಕ ಎರಡೆರಡು ಕುರ್ಚಿ ಖಾಲಿ.

ಕಾಸಿಯಾನ್ ಜರ್ಮನ್‌ನಲ್ಲಿ ಪರಿಚಯ ಹೇಳಿದ: ಬೆಟ್ಟಗಳಿವೆ, ಕೋಟೆಗಳಿವೆ, ಸೇಬು ಇದೆ, ದ್ರಾಕ್ಷಿ ಇದೆ. ಚಪ್ಪಾಳೆ. ಇಟಾಲಿಯನ್‌ನಲ್ಲಿ ಅದನ್ನೇ ಕೈಬೀಸಿ ಹೇಳಿದ. ಓರ್ನೆಲ್ಲಾ ವ್ಯಾಕರಣಕ್ಕೆ ಮುಖ ಕಿವುಚಿದರೂ ಚಪ್ಪಾಳೆ ತಟ್ಟಿದಳು. ಆಮೇಲೆ ಮೇಷ್ಟ್ರು ಗಡ್ಡ ನೀವಿಕೊಂಡು ಮುಂದಕ್ಕೆ ಬಾಗಿದರು. ಕಾಸಿಯಾನ್ ಕಾಗದ ಬಿಡಿಸಿದ.

ಮಂಜು. ಎರಡು ಪುಟ ಬರೀ ಮಂಜು.

ಕೈ ಚಾಚಿದ. ಇನ್ನಷ್ಟು ಚಾಚಿದ. ಮೊದಲ ಸಾಲಿನಿಂದ ಬುರ್ಗಾ ನಗುತ್ತ ಅವನನ್ನೇ ನೋಡುತ್ತಿದ್ದಳು, ಇಪ್ಪತ್ತೆಂಟು ವರ್ಷದ ಹಿಂದಿನ ಅದೇ ನಗು. ಜೇಬಿಗೆ ಕೈ ಹೋಗಲಿಲ್ಲ.

"ಬುನ್ ದೇ!" ಎಂದು ಕೂಗಿದ. ಮೇಷ್ಟ್ರು ಸಂತೋಷದಿಂದ ತಲೆಯಾಡಿಸಿದರು. ಮುಂದಿನದಕ್ಕೆ ಕಾದರು. ಊರು ಕಾಯಿತು.

"ಜುಲಾನ್," ಎಂದ ಕಾಸಿಯಾನ್.

"ಶುರುವಿಗೇ ಉಪಕಾರ ಹೇಳ್ತಿದ್ದಾನೆ, ವಿನಯವಂತ," ಎಂದರು ಮೇಷ್ಟ್ರು.

"ಜುಲಾನ್!" ಎಂದ ಇನ್ನೂ ಗಟ್ಟಿಯಾಗಿ, ಬೆವರು ಒರೆಸಿಕೊಳ್ಳುತ್ತ. ಆಮೇಲೆ ಗತಿಯಿಲ್ಲದೆ ಎರಡೂ ಕೈ ಎತ್ತಿ, "ಜುಲಾ...ನ್!" ಎಂದು ಕಣಿವೆಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟ.

ಪ್ಲೋನರ್ ಮನೆ ಅಲ್ಲಿಂದ ಕೂಗಳತೆಯ ದೂರ. ಬೇಲಿಯನ್ನು ಮೂರು ಸಲ ಕಿತ್ತು ಹಾಕಿದ್ದನೆಂದು ಹೇಳಿದೆನಷ್ಟೆ. ಮೂರನೆಯ ಸಲ ಹಾಕಿದ್ದು ಗಟ್ಟಿಯಿರಲಿಲ್ಲ. ಮೂರು ಸಲ ಹೆಸರು ಹಿಡಿದು ಕರೆದರೆ ಬಾರದಿರುವಷ್ಟು ಕೃತಘ್ನ ಪ್ರಾಣಿಯಲ್ಲ ಮೇಕೆ. ಗಂಟೆ ಗಣಗಣಿಸುತ್ತ, ಬೇಲಿಯ ಒಂದು ಗೂಟವನ್ನು ಕೊರಳಿಗೆ ನೇತು ಹಾಕಿಕೊಂಡು ಏಳನೆಯ ಜುಲಾನ್ ಸಭೆಗೆ ನುಗ್ಗಿತು. ತುತ್ತೂರಿಯವನು ಬಿದ್ದ. ಕುರ್ಚಿಗಳು ಉರುಳಿದವು. ಮೇಕೆ ನೇರವಾಗಿ ಬಾಗಿಲಿಗೆ ಹೋಗಿ ಅಡ್ಡಪಟ್ಟಿಯನ್ನು ಕಚ್ಚಿ ತುಂಡರಿಸಿ ಅಗಿಯತೊಡಗಿತು. ಹೀಗೆ ಒಂಬತ್ತು ವರ್ಷ ಕಾದಿದ್ದ ಕಟ್ಟಡ ಉದ್ಘಾಟನೆಯಾಯಿತು.

"ನೋಡ್ರಪ್ಪೋ!" ಎಂದು ಒಟೀಲಿಯಾ ಕುರ್ಚಿಯ ಮೇಲೆ ಹತ್ತಿ ನಿಂತಳು. "ಕರೆದ ತಕ್ಷಣ ಬಂತು! ಆ ಮರಗೆತ್ತನೆಯವನು ಹೆಸರಿಟ್ಟ ಮೇಕೆ! ಅಣ್ಣ ತಂಗಿ ಥರ ಇದ್ದಾರೆ ನೋಡಿ!"

ಊರು ಗೊಳ್ಳೆಂದು ನಕ್ಕಿತು. ಕಾಸಿಯಾನ್ ತಾಯಿಯ ಕಡೆ ನೋಡಿದ. ದೂರದ್ದು ಅವನಿಗೆ ಚೆನ್ನಾಗಿ ಕಾಣುತ್ತದೆ. ಮುದುಕಿ ಖಾಲಿ ಕುರ್ಚಿಗಳ ನಡುವೆ ಕೋಲು ಹಿಡಿದು ತಲೆ ತಗ್ಗಿಸಿದ್ದಳು. 'ಮಹಾರಾಣಿ' ತಲೆ ತಗ್ಗಿಸಿದ್ದನ್ನು ಅವನು ಹುಟ್ಟಿದಮೇಲೆ ನೋಡಿರಲಿಲ್ಲ. ಜೇಬಿಗೆ ಕೈಹಾಕಿ ಕನ್ನಡಕ ತೆಗೆದು ಮೂಗಿಗೆ ಏರಿಸಿದ.

"ನಗಬೇಡಿ!" ಎಂದು ಕಿರುಚಿದ. "ಇದು ನನ್ನ ಕನ್ನಡಕ! ಹತ್ತು ವರ್ಷದವನಿದ್ದಾಗಿಂದ ಇದೆ! ಆವತ್ತು ಬುರ್ಗಾ ಮುಂದೆ ನಿಂತಿದ್ಲು ಅಂತ ಹಾಕ್ಕೊಳ್ಳಲಿಲ್ಲ. ಲಡೀನ್ ಅನ್ನೋದನ್ನ ಲಾಡನ್ ಅಂತ ಓದಿದೆ. ಅಂಗಡಿ ಅಂತ ಓದಿದೆ! ನಾನು ಲಡೀನಲ್ಲ, ನಮ್ಮಮ್ಮ ಯಾವ ತಪ್ಪೂ ಮಾಡಿಲ್ಲ, ನನ್ನ ಮೂಗು ನಮ್ಮಪ್ಪನದೇ! ದೊತ್ತೋರೆ, ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ, ಜೈಲಿಗೆ ಹಾಕೋದಾದ್ರೆ ಹಾಕಿ!"

ಮೇಕೆ ಅಗಿಯುತ್ತಲೇ ಇತ್ತು. ದೊತ್ತೋರೆಯ ಮುಖ ಬಿಳಿಚಿಕೊಂಡಿತು. ಒಂಬತ್ತು ವರ್ಷದ ಕಡತ ಅವನ ಕಣ್ಣೆದುರೇ ಮತ್ತೆ ತೆರೆದುಕೊಳ್ಳುತ್ತಿತ್ತು.

"ಕನ್ನಡಕದ ವಿಷಯ ನನಗೆ ಮದುವೆಯಾದ ವಾರಕ್ಕೇ ಗೊತ್ತು," ಎಂದಳು ಬುರ್ಗಾ. "ಮೂರು ಗಂಟೆ ಚಿಲಕ ಹಾಕ್ಕೊಂಡು ಕೂತು ಪುಟ ತಿರುಗಿಸೋ ಹೊಟ್ಟೆನೋವು ಎಲ್ಲಾದ್ರೂ ಉಂಟಾ?"

ಆಗ ಕೋಲಿನ ಸದ್ದು ಕೇಳಿಸಿತು. ಝೆನ್ಸಿ ಎದ್ದು ನಡೆದು ಬಂದಳು. ಮಗನ ಕಡೆ ನೋಡಲಿಲ್ಲ, ಜನರ ಕಡೆ ನೋಡಲಿಲ್ಲ. ನೇರ ಮೇಕೆಯ ಬಳಿ ಹೋಗಿ ಅದರ ಬಾಯಿಂದ ಪಟ್ಟಿಯ ತುಂಡು ಎಳೆದು, ಅದನ್ನು ಬಯ್ಯತೊಡಗಿದಳು. ಕೊಟ್ಟಿಗೆಯಲ್ಲಿ ದಿನಾ ಬಯ್ಯುವ ಹಾಗೆಯೇ, ಒಂದೇ ಉಸಿರಿಗೆ, ಏರಿಳಿತವಿಲ್ಲದೆ. ಮನೆಯವರು ಅದನ್ನು ಮುದುಕಿಯ ಗೊಣಗಾಟವೆಂದು ಎಂದೂ ಕಿವಿಗೆ ಹಾಕಿಕೊಂಡವರಲ್ಲ.

ಮೇಷ್ಟ್ರು ಕುರ್ಚಿಯಿಂದ ಎದ್ದರು. ನೀವೆಸ್ ಕೈಚೀಲವನ್ನು ಕೆಳಗೆ ಹಾಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ತಾಯೀ," ಎಂದರು ಮೇಷ್ಟ್ರು. "ಇದು ನಮ್ಮ ಕಣಿವೆಯ ಮೇಲಿನ ಕೇರಿಯ ಮಾತು. ಈ ಥರ ಬಯ್ಯೋರು ಈಗ ನಮ್ಮಲ್ಲೂ ಯಾರೂ ಉಳಿದಿಲ್ಲ. ಎಲ್ಲಿ ಕಲಿತ್ರಿ?"

"ತೊಟ್ಟಿಲಲ್ಲಿ," ಎಂದಳು ಝೆನ್ಸಿ ಜರ್ಮನ್‌ನಲ್ಲಿ. ಆಮೇಲೆ ಊರಿನ ಕಡೆ ತಿರುಗಿದಳು.

"ಇಪ್ಪತ್ಮೂರು ವರ್ಷದವಳು ಮದುವೆಯಾಗಿ ಈ ಊರಿಗೆ ಬಂದೆ. ಹೊಸ್ತಿಲಲ್ಲೇ ನಮ್ಮತ್ತೆ ಹೇಳಿದ್ಲು, ಈ ಮನೆ ಒಳಗೆ ನಿನ್ನ ಎಲೆಕೋಸಿನ ಭಾಷೆ ಕೇಳಬಾರದು, ಯಾರಾದ್ರೂ ಕೇಳಿದ್ರೆ ಪಟ್ಟಣದ ಕಡೆಯವಳು ಅನ್ನು ಅಂತ. ನನ್ನ ಗಂಡ ಒಳ್ಳೆಯವನು, ಆದ್ರೆ ಅಮ್ಮನ ಮುಂದೆ ಬಾಯಿಲ್ಲ. ಮನೆ ಒಳಗೆ ಬೇಡ ಅಂದ್ಲಲ್ಲ, ಕೊಟ್ಟಿಗೆಗೆ ಹೋದೆ. ಐವತ್ತೆಂಟು ವರ್ಷ ನಾನು ಮಾತಾಡಿದ್ದು ಮೇಕೆ ಜೊತೆ. ಮೇಕೆ ಯಾವತ್ತೂ ಇದು ಯಾವ ಭಾಷೆ ಅಂತ ಕೇಳಲಿಲ್ಲ. ಅದು ಹಾಲು ಕೊಡ್ತಿತ್ತು, ನಾನು ಜುಲಾನ್ ಅಂತಿದ್ದೆ. ನೀವು ಅದನ್ನ ಹೆಸರು ಅಂದ್ಕೊಂಡ್ರಿ. ಆ ಬೊಂಬೆಯವನು ನನ್ನ ಸ್ವಂತ ಚಿಕ್ಕಪ್ಪ. ಮೂರು ದಿನ ಇದ್ದ. ಅವನನ್ನೂ ಕೊಟ್ಟಿಗೇಲೇ ಮಾತಾಡಿಸಿದೆ."

ಒಟೀಲಿಯಾ ಕುರ್ಚಿಯಿಂದ ಇಳಿಯಲು ನೋಡಿದಳು, ಯಾರೂ ಕೈಕೊಡಲಿಲ್ಲ.

ಮೊದಲು ಚೇತರಿಸಿಕೊಂಡವನು ದೊತ್ತೋರೆಯೇ. ಕಡತ ಉಳಿಸುವ ಅವಕಾಶವನ್ನು ಅಧಿಕಾರಿ ಸತ್ತರೂ ಬಿಡುವವನಲ್ಲ. "ಹಾಗಾದ್ರೆ," ಎಂದ ಬೆರಳು ಮಡಿಸುತ್ತ, "ತಾಯಿ ಲಡೀನ್. ಮಗ ಲಡೀನ್ ಅಂತ ಘೋಷಿಸಿದ್ದಾನೆ. ಕಾರಣ ತಪ್ಪು, ಉತ್ತರ ಸರಿ. ನಿಯಮದಲ್ಲಿ ಉತ್ತರಕ್ಕೆ ಮಾತ್ರ ಜಾಗ ಇದೆ, ಕಾರಣಕ್ಕೆ ಚೌಕ ಇಲ್ಲ!"

"ಪರೀಕ್ಷೆ?" ಎಂದ ಕಾಸಿಯಾನ್.

"ನೀನು ನಪಾಸು," ಎಂದರು ಮೇಷ್ಟ್ರು ಸಂದೇಹವೇ ಇಲ್ಲದೆ. "ಆರು ತಿಂಗಳು ಬಿಟ್ಟು ಮತ್ತೆ ಬರ್ತೀನಿ. ಅಲ್ಲಿವರೆಗೆ ಬಾಗಿಲಲ್ಲಿ ಬಂದವರನ್ನ ನಿಮ್ಮಮ್ಮ ಮಾತಾಡಿಸಲಿ. ನೀನು ಪಕ್ಕದಲ್ಲಿ ನಿಂತು ಕಲಿ. ಕನ್ನಡಕ ಹಾಕ್ಕೊಂಡು."

ವಾದ್ಯದವರು ಮತ್ತೆ ಊದಲು ಶುರುಮಾಡಿದರು. ಊರು ಒಳಗೆ ನುಗ್ಗಿತು. ಜಪದ ಗುಂಪಿನ ಹೆಂಗಸರಿಬ್ಬರು ಝೆನ್ಸಿಯ ಬಳಿ ಬಂದು ಏನು ಹೇಳಬೇಕೆಂದು ತಿಳಿಯದೆ ಅವಳ ಮೇಲುಹೊದಿಕೆಯ ಅಂಚನ್ನು ಸರಿಪಡಿಸಿ ಹೋದರು. ಮುದುಕಿ ಕೋಲೂರಿಕೊಂಡು ಅಂಗಳದಲ್ಲೇ ನಿಂತಿದ್ದಳು. ಕಾಸಿಯಾನ್ ಓಡಿಹೋಗಿ ಉರುಳಿದ್ದ ಕುರ್ಚಿಯೊಂದನ್ನು ಎತ್ತಿ, ಏಪ್ರನ್ನಿನಿಂದ ಧೂಳು ಒರೆಸಿ, ಅವಳ ಹಿಂದೆ ಇಟ್ಟ. ಝೆನ್ಸಿ ಕೂತಳು. ಕೈಚಾಚಿ ಹಣೆ ತಟ್ಟಿದಳು.

"ಜುಲಾನ್," ಎಂದಳು.

ಕಾಸಿಯಾನ್ ಮೇಕೆ ಎಲ್ಲಿ ಎಂದು ಸುತ್ತಲೂ ನೋಡಿದ. ಮೇಕೆ ದೂರದಲ್ಲಿ ದೊತ್ತೋರೆಯ ರೇಷ್ಮೆ ಪಟ್ಟೆ ತಿನ್ನುತ್ತಿತ್ತು. ತಾಯಿಯ ಕೈ ಇದ್ದದ್ದು ಅವನ ಹಣೆಯ ಮೇಲೆ.